ಎರಡು ಬೆರಳು

ಶಾಲೆಯಲ್ಲಿ ಮಕ್ಕಳು ಹೊರಗೆ ಹೋಗಲು ಹೇಗೆ ಕೇಳುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ಕಿರುಬೆರಳು ತೋರಿಸಿದರೆ ಒಂದಕ್ಕೆ. ಎರಡು ಬೆರಳು ತೋರಿಸಿದರೆ ಎರಡಕ್ಕೆ. ನಾನು 22 ವರ್ಷದಿಂದ ತಿಪಟೂರಿನ ಆಸುಪಾಸಿನ ಹಳ್ಳಿ ಶಾಲೆಗಳಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಒಂದನೇ ಎರಡನೇ ತರಗತಿಯ ಪುಟ್ಟ ಮಕ್ಕಳು ಎರಡು ಬೆರಳು ತೋರಿಸುತ್ತವೆ. ಐದನೇ ತರಗತಿ ದಾಟಿದ ಮೇಲೆ ಯಾರೂ ತೋರಿಸುವುದಿಲ್ಲ. ಹೊಟ್ಟೆ ಹಿಡಿದುಕೊಂಡು ಕೂತಿರುತ್ತಾರೆ. ಇಲ್ಲವೇ ಕಿರುಬೆರಳನ್ನೇ ತೋರಿಸಿ ಓಡುತ್ತಾರೆ, ಬರುವುದು ತಡವಾದರೆ ತಲೆ ತಗ್ಗಿಸಿ ಒಳಗೆ ಬರುತ್ತಾರೆ. ಹೆಣ್ಣುಮಕ್ಕಳಂತೂ ಮನೆಗೆ ಹೋಗುವವರೆಗೂ ತಡೆದುಕೊಂಡಿರುತ್ತಾರೆ.

ನಾನೂ ಹಾಗೇ ಬೆಳೆದವಳು. ಆ ನಾಚಿಕೆ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಏಳನೇ ತರಗತಿಗೆ ಜೀರ್ಣಾಂಗಗಳ ಪಾಠ ಬಂದಾಗ ಬೋರ್ಡಿನ ಮೇಲೆ ಚಿತ್ರ ಬರೆಯುತ್ತೇನೆ. ಬಾಯಿ, ಅನ್ನನಾಳ, ಜಠರ, ಪಕ್ಕದಲ್ಲಿ ಯಕೃತ್ತು, ಕೆಳಗೆ ಸುರುಳಿ ಸುರುಳಿಯಾಗಿ ಸಣ್ಣ ಕರುಳು. ಕೊನೆಯಲ್ಲಿ ಅದರ ಸುತ್ತ ಫೋಟೋದ ಕಟ್ಟಿನ ಹಾಗೆ ದೊಡ್ಡ ಕರುಳು. ಜಠರಕ್ಕೆ ಒಂದು ಪೀರಿಯಡ್, ಸಣ್ಣ ಕರುಳಿಗೆ ಒಂದು ಪೀರಿಯಡ್. ದೊಡ್ಡ ಕರುಳಿನ ಹೊತ್ತಿಗೆ ಬೆಲ್ ಆಗಿರುತ್ತಿತ್ತು. ‘ದೊಡ್ಡ ಕರುಳಿನ ಕೆಲಸವೇನು?’ ಒಂದು ಅಂಕದ ಪ್ರಶ್ನೆ. ‘ನೀರು ಮತ್ತು ಲವಣಗಳನ್ನು ಹೀರಿಕೊಳ್ಳುವುದು.’ ಬರೆದುಕೊಳ್ಳಿ ಅಂತ ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ.

ನನ್ನ ದಿನ ಹೇಗಿತ್ತು ಅಂದರೆ, ಬೆಳಿಗ್ಗೆ ಐದಕ್ಕೆ ಏಳುವುದು, ಅಡುಗೆ, ಮೂರು ಡಬ್ಬಿ ಕಟ್ಟುವುದು, ಎರಡು ತುತ್ತು ತಿಂಡಿ, 7:20ರ ಬಸ್ಸು. ತಿಂಡಿ ತಿಂದು ಹತ್ತು ನಿಮಿಷಕ್ಕೆ ಸರಿಯಾಗಿ ಹೊಟ್ಟೆಯ ಕೆಳಗೆ ಒಂದು ಒತ್ತಡ ಬರುತ್ತಿತ್ತು. ಆದರೆ ಆಗ ನಾನು ಸೀರೆ ಪಿನ್ ಹಾಕುತ್ತಾ ಇರುತ್ತಿದ್ದೆ. ಆ ಬಸ್ಸು ತಪ್ಪಿದರೆ ಪ್ರಾರ್ಥನೆ ಹೊತ್ತಿಗೆ ತಲುಪುವ ಹಾಗಿಲ್ಲ. ತಡೆದುಕೊಂಡು ಹೊರಟುಬಿಡುತ್ತಿದ್ದೆ. ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಒತ್ತಡ ತಾನಾಗಿಯೇ ಇಳಿದಿರುತ್ತಿತ್ತು. ಮತ್ತೆ ಅದು ಬರುತ್ತಿದ್ದದ್ದು ಮಾರನೇ ದಿನ, ಅದೇ ಹೊತ್ತಿಗೆ. ಕೆಲವು ವರ್ಷಗಳ ನಂತರ ಬರುವುದೇ ನಿಂತುಹೋಯಿತು.

ಶಾಲೆಯಲ್ಲಿ ಹೋಗುವ ಮಾತೇ ಇರಲಿಲ್ಲ. ಟೀಚರುಗಳ ಶೌಚಾಲಯಕ್ಕೆ ಚಿಲಕ ಇರಲಿಲ್ಲ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬಾಗಿಲು ಹಿಡಿದುಕೊಂಡು ನಿಲ್ಲಬೇಕು. ನಲ್ಲಿಯಲ್ಲಿ ನೀರು ಬಂದರೆ ಬಂತು. ಹಾಗಾಗಿ ನಾವು ಮೂವರು ಟೀಚರುಗಳೂ ಒಂದು ಉಪಾಯ ಕಂಡುಕೊಂಡಿದ್ದೆವು. ನೀರೇ ಕುಡಿಯುತ್ತಿರಲಿಲ್ಲ. ಬೆಳಿಗ್ಗೆ ತುಂಬಿಸಿಕೊಂಡು ಹೋದ ಒಂದು ಲೀಟರ್ ಬಾಟಲಿಯಲ್ಲಿ ಮುಕ್ಕಾಲು ಭಾಗ ಸಂಜೆ ಹಾಗೇ ವಾಪಸ್ ಬರುತ್ತಿತ್ತು. ಇದನ್ನು ಓದುವ ಎಷ್ಟೋ ಟೀಚರುಗಳಿಗೆ, ಅಂಗಡಿಗಳಲ್ಲಿ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಈ ಉಪಾಯ ಹೊಸದಲ್ಲ, ಅಲ್ವಾ?

ಮೂರು ದಿನಕ್ಕೊಮ್ಮೆ, ನಾಲ್ಕು ದಿನಕ್ಕೊಮ್ಮೆ ಹೋಗುವುದು ಅಭ್ಯಾಸವಾಯಿತು. ಹೋದರೂ ಗೋಲಿಯ ಹಾಗೆ ಗಟ್ಟಿ. ಮುಕ್ಕಿ ಮುಕ್ಕಿ ಹಣೆ ಬೆವರುತ್ತಿತ್ತು. 2023ರ ಜುಲೈನಲ್ಲಿ ಒಂದು ಭಾನುವಾರ ಕಮೋಡಿನಲ್ಲಿ ಕೆಂಪು ಕಂಡಿತು. ತಾಜಾ ರಕ್ತ, ನಾಲ್ಕೈದು ಹನಿ. ನೀರು ಸುರಿದೆ. ಹೊರಗೆ ಬಂದು ಇಡ್ಲಿ ಹಿಟ್ಟು ಕಲಸಿದೆ. ಯಾರಿಗೂ ಹೇಳಲಿಲ್ಲ.

ನಾಲ್ಕು ತಿಂಗಳು ಹೇಳಲಿಲ್ಲ. ಮೆಡಿಕಲ್ ಶಾಪಿನಲ್ಲಿ ಹುಡುಗ ಇದ್ದಾಗ ವಾಪಸ್ ಬಂದು, ಅವನ ಅಮ್ಮ ಕೂತಿದ್ದಾಗ ಹೋಗಿ ಪೈಲ್ಸ್ ಮುಲಾಮು ತಂದೆ. ಹಚ್ಚಿದರೆ ಉರಿ ಕಡಿಮೆ ಆಗುತ್ತಿತ್ತು, ರಕ್ತ ಆಗಾಗ ಬರುತ್ತಲೇ ಇತ್ತು. ಗೊತ್ತಿಲ್ಲದೇ ಹೀಗೆ ಮಾಡಿದೆ ಅಂತ ಹೇಳಲಾರೆ. ನಾನು ವಿಜ್ಞಾನದ ಟೀಚರು. ಬಾಯಿಬಿಟ್ಟು ಹೇಳುವುದೇ ನನಗೆ ದೊಡ್ಡ ಕಷ್ಟವಾಗಿತ್ತು. ಕೊನೆಗೆ ಹೇಳಿದ್ದು ತುಮಕೂರಿನಲ್ಲಿರುವ ತಂಗಿಗೆ, ಫೋನಿನಲ್ಲಿ, ರಾತ್ರಿ ಎಲ್ಲರೂ ಮಲಗಿದ ಮೇಲೆ. ಅವಳು ಬೈಯಲಿಲ್ಲ. “ಅಕ್ಕ, ನಾಳೆ ರಜೆ ಹಾಕು” ಅಂದಳು, ಅಷ್ಟೇ.

ನಮ್ಮೂರಿನ ಲೇಡಿ ಡಾಕ್ಟರು ಬೆರಳು ಹಾಕಿ ಪರೀಕ್ಷೆ ಮಾಡಿದರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.4 ಬಂದಿತ್ತು. “ಮೂಲವ್ಯಾಧಿ ಇದೆ ಟೀಚರ್, ಅದು ಕೈಗೇ ಸಿಕ್ತು. ಆದ್ರೆ ಮೂಲವ್ಯಾಧಿ ಇದ್ದವರಿಗೆ ಬೇರೆ ಏನೂ ಇರಬಾರದು ಅಂತ ಇಲ್ವಲ್ಲ. ನಿಮಗೆ 49. ಒಂದು ಸಲ ಒಳಗೆಲ್ಲಾ ನೋಡಿಬಿಡೋಣ” ಅಂದರು. ಈ ಮಾತನ್ನು ನಾನು ಇಲ್ಲಿ ಬೇಕಂತಲೇ ಪೂರ್ತಿ ಬರೆದಿದ್ದೇನೆ. ರಕ್ತ ಕಂಡರೆ ಮೊಳೆ ಅಂತ ನಾವೇ ತೀರ್ಮಾನ ಮಾಡಿಬಿಡುತ್ತೇವೆ. ಊರೂರಲ್ಲಿ ಗೋಡೆ ಮೇಲೆ ಅದಕ್ಕೇ ಬೋರ್ಡುಗಳಿವೆ. ಬಹಳಷ್ಟು ಸಲ ಅದು ಮೊಳೆಯೇ ಆಗಿರುತ್ತದೆ, ನಿಜ. ಆದರೆ ನೋಡದೇ ಹೇಳುವುದಕ್ಕಾಗುವುದಿಲ್ಲ.

ಹಾಗೆ ನವೆಂಬರಿನಲ್ಲಿ ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಕೊಲೊನೋಸ್ಕೋಪಿಗೆ ದಿನ ಗೊತ್ತಾಯಿತು. ಕ್ಯಾಮೆರಾ ಇರುವ ಉದ್ದ ನಳಿಕೆಯನ್ನು ಹಿಂದಿನಿಂದ ಹಾಕಿ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ ಅದು. ರಕ್ತ ಕಡಿಮೆ ಅಂತ ಕೊಟ್ಟಿದ್ದ ಕಬ್ಬಿಣದ ಮಾತ್ರೆಯನ್ನು ಒಂದು ವಾರ ಮೊದಲೇ ನಿಲ್ಲಿಸಲು ಹೇಳಿದರು. ಅದು ಕರುಳಿನ ಗೋಡೆಗೆ ಕಪ್ಪಾಗಿ ಅಂಟಿಕೊಂಡು ನೋಟ ಮರೆಮಾಡುತ್ತದಂತೆ. ಹಿಂದಿನ ಎರಡು ದಿನ ಊಟದಲ್ಲಿ ನಾರು ಇರಬಾರದು. ರಾಗಿ ಬೇಡ, ಸೊಪ್ಪು ಬೇಡ, ಕಾಳು ಬೇಡ, ಬೀಜ ಇರುವ ಟೊಮೆಟೊ, ಸೀಬೆ ಬೇಡ. ಬಿಳಿ ಅನ್ನ, ಮೊಸರು, ತಿಳಿಸಾರು. ಹಿಂದಿನ ದಿನ ಅದೂ ಇಲ್ಲ. ಸೋಸಿದ ಸಾರಿನ ತಿಳಿ, ಎಳನೀರು, ಸೋಸಿದ ನಿಂಬೆ ಪಾನಕ, ಹಾಲಿಲ್ಲದ ಟೀ ಮಾತ್ರ. ಕೆಂಪು ಬಣ್ಣದ ಯಾವ ಪಾನೀಯವೂ ಕೂಡದು, ಒಳಗೆ ರಕ್ತದ ಹಾಗೆ ಕಾಣುತ್ತದೆ. ಆವತ್ತು ನಾನು ನಾಲ್ಕು ಎಳನೀರು ಕುಡಿದೆ. ಕಲ್ಪತರು ನಾಡಿನವರಿಗೆ ಇದೊಂದು ಅನುಕೂಲ.

ಹೋಗುವ ಮೊದಲು ನನಗಿದ್ದ ದೊಡ್ಡ ಭಯ ಆ ನಳಿಕೆಯದ್ದು. ನಿಜವಾದ ಕಷ್ಟ ಇದ್ದದ್ದು ಹಿಂದಿನ ರಾತ್ರಿಯಲ್ಲಿ. ತಿಪಟೂರಿನಿಂದ ಬೆಳಿಗ್ಗೆ ಹೊರಟರೆ ದಾರಿಯಲ್ಲಿ ಕಷ್ಟ ಅಂತ ತಂಗಿ ಮನೆಗೇ ಹೋಗಿ ಉಳಿದೆ. ಒಂದು ಪೌಡರ್ ಪ್ಯಾಕೆಟ್ ಕೊಟ್ಟಿದ್ದರು. ಅದನ್ನು ಎರಡು ಲೀಟರ್ ನೀರಿಗೆ ಕಲಸಿ, ಸಂಜೆ ಒಂದು ಲೀಟರ್, ಬೆಳಗಿನ ಜಾವ ಒಂದು ಲೀಟರ್ ಕುಡಿಯಬೇಕು. ಹತ್ತು ಹದಿನೈದು ನಿಮಿಷಕ್ಕೊಂದು ಲೋಟ. ಉಪ್ಪುಪ್ಪು, ಸ್ವಲ್ಪ ಜಾರುವ ರುಚಿ. ಮೂರನೇ ಲೋಟಕ್ಕೆ ವಾಕರಿಕೆ ಬಂತು. ತಂಗಿ ಅದನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ, ಒಂದೊಂದು ಲೋಟಕ್ಕೂ ನಿಂಬೆರಸ ಹಿಂಡಿ ಕೊಟ್ಟಳು. ತಣ್ಣಗಿದ್ದರೆ ಇಳಿಯುತ್ತದೆ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಒಳ್ಳೆಯದಿತ್ತು, ಹಾಗಾಗಿ ನಾನು ಹೇಳುತ್ತಿದ್ದೇನೆ.

ಆ ಪೌಡರು ಪಾಲಿಎಥಿಲೀನ್ ಗ್ಲೈಕಾಲ್. ಕರುಳಿಗೆ ಅದನ್ನು ಹೀರಿಕೊಳ್ಳುವುದಕ್ಕಾಗುವುದಿಲ್ಲ. ಅದು ನೀರನ್ನು ಕೈಬಿಡುವುದೂ ಇಲ್ಲ. ಹಾಗಾಗಿ ಕುಡಿದ ನೀರೆಲ್ಲಾ ಮೈಗೆ ಹತ್ತದೆ ನೇರವಾಗಿ ಹರಿದು ಹೊರಗೆ ಬರುತ್ತದೆ, ಎಲ್ಲವನ್ನೂ ಕೊಚ್ಚಿಕೊಂಡು. ಜೊತೆಗೆ ಲವಣಗಳನ್ನು ಬೆರೆಸಿರುವುದು ಮೈಯ ಉಪ್ಪಿನಂಶ ಏರುಪೇರಾಗದಿರಲಿ ಅಂತ. ಒಂದು ಗಂಟೆ ಏನೂ ಆಗಲಿಲ್ಲ. ಆಮೇಲೆ ಶುರುವಾಯಿತು. ಎಷ್ಟು ಸಲ ಹೋದೆ ಅಂತ ಲೆಕ್ಕವಿಲ್ಲ. ತಂಗಿ ಬಚ್ಚಲಿನಲ್ಲಿ ಒಂದು ಬಟ್ಟಲು ಕೊಬ್ಬರಿ ಎಣ್ಣೆ ಇಟ್ಟಿದ್ದಳು. “ಪ್ರತಿ ಸಲ ಒರೆಸ್ಕೊಂಡು ಹಚ್ಕೋ ಅಕ್ಕ, ಇಲ್ದಿದ್ರೆ ಉರಿಯತ್ತೆ” ಅಂದಳು. ಅವಳ ಮಾತು ನಿಜವಾಯಿತು.

ಬೆಳಿಗ್ಗೆ ನಾಲ್ಕಕ್ಕೆ ಎದ್ದು ಉಳಿದ ಒಂದು ಲೀಟರ್ ಕುಡಿದೆ. ಐದೂವರೆ ಹೊತ್ತಿಗೆ ಕಮೋಡಿನೊಳಗೆ ಬಗ್ಗಿ ನೋಡಿದೆ. ಆಸ್ಪತ್ರೆಯವರು ಹಾಗೆ ನೋಡಲೇಬೇಕು ಅಂದಿದ್ದರು. ತಿಳಿ ಹಳದಿ ನೀರು, ಒಂದು ಚೂರೂ ಕಸವಿಲ್ಲ. ಬಿಳಿ ತಳ ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನ ಮೈಯಿಂದ ಹೊರಬಂದದ್ದನ್ನು ನಾನು ಮುಖ ತಿರುಗಿಸದೆ ನಿಂತು ನೋಡಿದ್ದು ಅದೇ ಮೊದಲು. ಆಮೇಲೆ ಫೋನ್ ಬಂತು. “ಮೇಡಂ, ತಳ ಕಾಣ್ತಿದ್ಯಾ?” ಅಂತ ಸಿಸ್ಟರ್ ಕೇಳಿದರು. ಕಾಣ್ತಿದೆ ಅಂದೆ. “ಹಾಗಾದ್ರೆ ಬನ್ನಿ. ಇನ್ನು ಒಂದು ಗುಟುಕು ನೀರೂ ಬೇಡ.”

ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ, ಕೈಗೆ ಸೂಜಿ, ಹಿಂದೆ ತೆರೆದಿರುವ ಗೌನು. ಡಾಕ್ಟರ ಹತ್ತಿರ ಒಂದು ಕೇಳಿಕೊಂಡೆ. “ಸರ್, ನಾನು ಇದನ್ನ ಮಕ್ಕಳಿಗೆ ಪಾಠ ಮಾಡ್ತೀನಿ. ಸಾಧ್ಯ ಆದ್ರೆ ಪರದೆ ಮೇಲೆ ನೋಡ್ಬೋದಾ?” ಅವರು ಸ್ವಲ್ಪ ಹೊತ್ತು ಯೋಚಿಸಿ, “ಮಂಪರು ಕಡಿಮೆ ಕೊಡ್ತೀನಿ. ತಡ್ಕೊಳ್ಳೋಕಾಗದಿದ್ರೆ ಹೇಳಿ, ಜಾಸ್ತಿ ಕೊಡೋಣ” ಅಂದರು. ಪೂರ್ತಿ ನಿದ್ದೆ ಬರಿಸಿ ಮಾಡುವುದೂ ಉಂಟು, ಹಾಗೆ ಮಾಡಿಸಿಕೊಂಡವರಿಗೆ ಏನೂ ನೆನಪಿರುವುದಿಲ್ಲ. ನನಗೂ ಎಲ್ಲಾ ನೆನಪಿಲ್ಲ. ನೆನಪಿರುವುದನ್ನು ಹೇಳುತ್ತೇನೆ.

ಎಡ ಮಗ್ಗುಲಿಗೆ ಮಲಗಿ, ಮಂಡಿ ಎದೆಯ ಕಡೆಗೆ ಎಳೆದುಕೊಂಡೆ. ನಳಿಕೆ ಬೆರಳು ಗಾತ್ರದ್ದು. ಒಳಗೆ ಹೋದಾಗ ನೋವಾಗಲಿಲ್ಲ, ಒತ್ತಿದ ಹಾಗಾಯಿತು. ಕರುಳು ಮುಚ್ಚಿಕೊಂಡೇ ಇರುತ್ತದೆ, ಆದ್ದರಿಂದ ಗಾಳಿ ತುಂಬಿ ಅಗಲಿಸಿಕೊಂಡು ಮುಂದೆ ಹೋಗುತ್ತಾರೆ. ಹೊಟ್ಟೆ ಉಬ್ಬಿ ಹಿಡಿದುಕೊಂಡಿತು. ಮೊದಲ ತಿರುವು ಇಂಗ್ಲಿಷಿನ ‘ಎಸ್’ ಅಕ್ಷರದ ಹಾಗೆ ಬಳುಕಿರುವ ಜಾಗ. ಅಲ್ಲಿ ಮಾತ್ರ ಜೋರಾಗಿ ನೋವು ಬಂತು. ಸಿಸ್ಟರ್ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿದರು. “ಉಸಿರು ಬಿಡಿ ಮೇಡಂ, ಬಾಯಲ್ಲಿ ಬಿಡಿ.” ತಿರುವು ದಾಟಿತು.

ಪರದೆ ನೋಡಿದೆ.

22 ವರ್ಷ ಬೋರ್ಡಿನ ಮೇಲೆ ಕಂದು ಸೀಮೆಸುಣ್ಣದಲ್ಲಿ ಬರೆದಿದ್ದೆ. ಅದು ಕಂದು ಅಲ್ಲ. ಎಳೆ ಮಗುವಿನ ಬಾಯೊಳಗಿನ ಬಣ್ಣ. ಒದ್ದೆಯಾಗಿ ಹೊಳೆಯುವ ತಿಳಿ ಗುಲಾಬಿ. ಅದರ ಮೇಲೆ ಅರಳಿ ಎಲೆಯ ನರಗಳ ಹಾಗೆ ಸಣ್ಣ ಸಣ್ಣ ರಕ್ತನಾಳಗಳು ಕವಲೊಡೆದು ಹರಡಿದ್ದವು. ಅಷ್ಟಷ್ಟು ದೂರಕ್ಕೆ ಒಂದೊಂದು ಮಡಿಕೆ. ಹೊಟ್ಟೆಯ ಮೇಲ್ಭಾಗದಲ್ಲಿ ಅಡ್ಡಲಾಗಿ ಹೋಗುವ ಭಾಗಕ್ಕೆ ಬಂದಾಗ ದಾರಿ ದುಂಡಗಿರಲಿಲ್ಲ, ಮೂರು ಮೂಲೆಯಾಗಿತ್ತು. “ಇದು ಹೀಗೇ ಇರೋದು” ಅಂದರು ಡಾಕ್ಟರು. ಬಲಗಡೆ ತಿರುಗುವ ಹತ್ತಿರ ಗೋಡೆಯ ಆಚೆಗೆ ನೀಲಿ ನೆರಳು ಕಂಡಿತು. “ಅದು ನಿಮ್ಮ ಲಿವರ್ರು, ಆಚೆ ಕೂತಿದೆ.” ಅಲ್ಲಿಂದ ಇಳಿದರೆ ಕೊನೆ. ಒಂದು ಕಡೆ ಅಪೆಂಡಿಕ್ಸಿನ ಬಾಯಿ, ಅರ್ಧಚಂದ್ರದ ಹಾಗೆ. ಇನ್ನೊಂದು ಕಡೆ ಸಣ್ಣ ಕರುಳು ಬಂದು ಸೇರುವ ಕವಾಟ, ತುಟಿ ಮುಚ್ಚಿದ ಹಾಗೆ. ಬೆಳಿಗ್ಗೆ ಐದೂವರೆಗೆ ಮುಖ ತಿರುಗಿಸದೆ ನೋಡಿದ್ದೆನಲ್ಲ, ಈಗ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ಇಷ್ಟು ಚೆಂದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಅದರ ಹೆಸರು ಹೇಳುವುದಕ್ಕೇ ನಾಚಿಕೆಪಟ್ಟೆನಲ್ಲ ಅನ್ನಿಸಿ ಕಣ್ಣಲ್ಲಿ ನೀರು ಬಂತು. ಸಿಸ್ಟರ್ ನೋವಿಗೆ ಅಂದುಕೊಂಡು ತಲೆ ಸವರಿದರು.

ಒಳಗೆ ಹೋಗುವಾಗ ದಾರಿ ಸಾಗಿಸುವುದು, ನಿಜವಾಗಿ ಹುಡುಕುವುದು ವಾಪಸ್ ಬರುವಾಗ. ನಿಧಾನವಾಗಿ, ಪ್ರತಿ ಮಡಿಕೆಯ ಹಿಂದೆ ಇಣುಕಿ ನೋಡುತ್ತಾ ಬರುತ್ತಾರೆ. ಆ ‘ಎಸ್’ ತಿರುವಿನ ಹತ್ತಿರ ನಳಿಕೆ ನಿಂತಿತು. ಮಡಿಕೆಯ ಅಂಚಿನಲ್ಲಿ ತೊಗರಿ ಕಾಳಿಗಿಂತ ಸ್ವಲ್ಪ ದೊಡ್ಡದು, ಕೆಂಪಗೆ, ದುಂಡಗೆ. “ಪಾಲಿಪ್. 7 ಮಿಲಿಮೀಟರ್ ಇದೆ. ಈಗಲೇ ತೆಗೆದುಬಿಡ್ತೀನಿ.” ಕರುಳಿನ ಒಳಪದರದಲ್ಲಿ ಬೆಳೆಯುವ ಗಂಟಿಗೆ ಪಾಲಿಪ್ ಅನ್ನುತ್ತಾರೆ. ನಳಿಕೆಯ ಒಳಗಿಂದಲೇ ಒಂದು ತೆಳು ತಂತಿ ಬಂತು. ತುದಿಯಲ್ಲಿ ಕುಣಿಕೆಯಾಗಿ ತೆರೆದುಕೊಂಡಿತು. ಪಾಲಿಪ್ಪಿನ ಬುಡಕ್ಕೆ ಬಿತ್ತು, ಬಿಗಿಯಿತು, ಕತ್ತರಿಸಿತು. ಒಂದು ಚೂರು ರಕ್ತ ಒಸರಿ ನಿಂತಿತು. ನನಗೆ ಏನೂ ಗೊತ್ತಾಗಲಿಲ್ಲ. ಕರುಳಿನ ಒಳಪದರಕ್ಕೆ ಕತ್ತರಿಸಿದರೆ ನೋವಾಗುವುದಿಲ್ಲ, ಎಳೆದರೆ ಉಬ್ಬಿದರೆ ಮಾತ್ರ ನೋವು. ಈ ಕುಣಿಕೆ ಹಾಕಿ ತೆಗೆಯುವ ಕೆಲಸವನ್ನು 1969ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವೋಲ್ಫ್ ಅನ್ನುವ ಡಾಕ್ಟರುಗಳು ಮೊದಲು ಮಾಡಿದ್ದು ಅಂತ ಆಮೇಲೆ ಓದಿದೆ. ಅದಕ್ಕೆ ಮುಂಚೆ ಕರುಳಿನಲ್ಲಿ ಇಷ್ಟು ಮೇಲಿರುವ ಪಾಲಿಪ್ ತೆಗೆಯಬೇಕಾದರೆ ಹೊಟ್ಟೆಯನ್ನೇ ಕೊಯ್ಯಬೇಕಿತ್ತು. ನಾನು ಅದೇ ದಿನ ಮಧ್ಯಾಹ್ನ ತಂಗಿ ಮನೆಯಲ್ಲಿ ಮೊಸರನ್ನ ತಿಂದೆ.

ಬಯಾಪ್ಸಿ ರಿಪೋರ್ಟಿಗೆ ಒಂದು ವಾರ. ಆ ವಾರದ ಬಗ್ಗೆ ಜಾಸ್ತಿ ಬರೆಯಲಾರೆ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಹೆಚ್ಚಿನವು ಇಂಥ ಪಾಲಿಪ್ಪಿನಿಂದಲೇ ಶುರುವಾಗುತ್ತವೆ. ಎಲ್ಲಾ ಪಾಲಿಪ್ಪೂ ಕ್ಯಾನ್ಸರ್ ಆಗುವುದಿಲ್ಲ. ಆಗುವುದಕ್ಕೂ ಸಾಮಾನ್ಯವಾಗಿ ಹತ್ತು ವರ್ಷವಾದರೂ ಬೇಕು. ಅಷ್ಟು ಸಮಯ ನಮಗೆ ಕೊಡುವ ಕಾಯಿಲೆ ಇದು, ನೋಡಿದರೆ ತಾನೇ? ರಿಪೋರ್ಟಿನಲ್ಲಿ ‘ಅಡಿನೋಮಾ’ ಅಂತ ಬಂತು. ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟಿದ್ದರೆ ಆಗಬಹುದಾಗಿದ್ದ ಜಾತಿಯದ್ದು. ಐದು ವರ್ಷದ ನಂತರ ಇನ್ನೊಮ್ಮೆ ನೋಡೋಣ ಅಂದರು. ರಕ್ತ ಬರುತ್ತಿದ್ದದ್ದು ಹೆಚ್ಚಾಗಿ ಮೂಲವ್ಯಾಧಿಯಿಂದಲೇ. ಆ ರಕ್ತ ಬರದಿದ್ದರೆ ಈ ಪಾಲಿಪ್ ಸಿಗುತ್ತಲೇ ಇರಲಿಲ್ಲ. ಅಮೆರಿಕದಲ್ಲಿ 45ರಿಂದ 75 ವರ್ಷದವರೆಗಿನ ಎಲ್ಲರಿಗೂ, ತೊಂದರೆ ಇರಲಿ ಬಿಡಲಿ, ಕರುಳಿನ ತಪಾಸಣೆ ಮಾಡಿಸಿಕೊಳ್ಳಲು ಹೇಳುತ್ತಾರೆ. ನಮ್ಮಲ್ಲಿ ಸರ್ಕಾರದ ಕ್ಯಾನ್ಸರ್ ತಪಾಸಣೆಯಲ್ಲಿ ಇರುವುದು ಬಾಯಿ, ಸ್ತನ, ಗರ್ಭಕೊರಳು. ಹಾಗಾಗಿ ನಮ್ಮ ಕರುಳಿನ ಸುದ್ದಿಯನ್ನು ನಾವೇ ಬಾಯಿಬಿಟ್ಟು ಹೇಳಬೇಕು.

ರಿಪೋರ್ಟ್ ತೋರಿಸಲು ಹೋದ ದಿನ ನಮ್ಮೂರ ಡಾಕ್ಟರು ಅರ್ಧ ಗಂಟೆ ಕೂರಿಸಿಕೊಂಡು ಮಾತಾಡಿದರು. ಒಂದು ಅಂಕದ ಉತ್ತರದ ಉಳಿದ ಭಾಗ ನನಗೆ ಆವತ್ತು ಸಿಕ್ಕಿತು.

ಸಣ್ಣ ಕರುಳಿನಿಂದ ದಿನಕ್ಕೆ ಸುಮಾರು ಒಂದೂವರೆ ಲೀಟರ್ ದ್ರವ ದೊಡ್ಡ ಕರುಳಿಗೆ ಬಂದು ಬೀಳುತ್ತದೆ. ಹೊರಗೆ ಹೋಗುವುದು ಒಂದು ಲೋಟದಷ್ಟೂ ಇಲ್ಲ. ಉಳಿದದ್ದನ್ನೆಲ್ಲಾ ಅದು ಮೈಗೆ ವಾಪಸ್ ಕೊಡುತ್ತದೆ. ಉದ್ದ ಐದಡಿ ಅಷ್ಟೇ. ಅಷ್ಟು ದಾರಿಗೆ ಒಂದು ದಿನ, ಒಂದೂವರೆ ದಿನ ಹಿಡಿಯುತ್ತದೆ. ಬಲಗಡೆ ಒಳಗೆ ಬರುವಾಗ ಅಂಬಲಿ. ಮೇಲೆ ಅಡ್ಡ ದಾಟುವಾಗ ಗಂಜಿ. ಎಡಗಡೆ ಇಳಿಯುವ ಹೊತ್ತಿಗೆ ಮುದ್ದೆ. ಮುದ್ದೆ ಕೋಲು ಹಿಡಿದು ತಿರುವಿದ ಹಾಗೆ ಮಡಿಕೆ ಮಡಿಕೆಯೊಳಗೆ ಅದನ್ನು ಹಿಂದಕ್ಕೂ ಮುಂದಕ್ಕೂ ಹೊರಳಿಸುತ್ತಾ ನೀರು ಹೀರುತ್ತಾ ಇರುತ್ತದೆ. ಇಡೀ ದಿನ ಇಷ್ಟೇ ಕೆಲಸ. ಆದರೆ ದಿನಕ್ಕೆ ಕೆಲವೇ ಸಲ ಒಂದು ದೊಡ್ಡ ಅಲೆ ಎದ್ದು ಎಲ್ಲವನ್ನೂ ಒಟ್ಟಿಗೆ ಮುಂದಕ್ಕೆ ತಳ್ಳುತ್ತದೆ. ಅದು ಹೆಚ್ಚಾಗಿ ಏಳುವುದು ಬೆಳಿಗ್ಗೆ, ಹೊಟ್ಟೆಗೆ ತಿಂಡಿ ಬಿದ್ದ ಸ್ವಲ್ಪ ಹೊತ್ತಿಗೆ. ಜಠರ ಹಿಗ್ಗಿದರೆ ಕರುಳಿಗೆ ಸುದ್ದಿ ಹೋಗುತ್ತದೆ, ಜಾಗ ಮಾಡು ಅಂತ.

ನಾನು ಸೀರೆ ಪಿನ್ ಹಾಕುವಾಗ ಬರುತ್ತಿದ್ದ ಒತ್ತಡ ಅದೇ.

ಅಲೆ ಬಂದು ಮಲವನ್ನು ಗುದನಾಳಕ್ಕೆ ತಳ್ಳಿದಾಗ ಅದರ ಗೋಡೆ ಹಿಗ್ಗುತ್ತದೆ, ಆಗ ನಮಗೆ ಗೊತ್ತಾಗುತ್ತದೆ. ಬಾಗಿಲಿನಲ್ಲಿ ಎರಡು ಉಂಗುರದಂಥ ಸ್ನಾಯುಗಳಿವೆ. ಒಳಗಿನದು ತಾನಾಗಿಯೇ ಸಡಿಲವಾಗುತ್ತದೆ, ನಮ್ಮ ಮಾತು ಕೇಳುವುದಿಲ್ಲ. ಹೊರಗಿನದು ನಮ್ಮ ಕೈಯಲ್ಲಿದೆ. ಅದನ್ನು ಬಿಗಿ ಹಿಡಿದರೆ ಗುದನಾಳ ಸುಮ್ಮನಾಗುತ್ತದೆ, ಒತ್ತಡ ಇಳಿಯುತ್ತದೆ. ಆದರೆ ನೀರು ಹೀರುವ ಕೆಲಸ ನಿಲ್ಲುವುದಿಲ್ಲ. ಅಲ್ಲಿ ಕೂತಷ್ಟೂ ಗಟ್ಟಿ, ಇನ್ನೂ ಗಟ್ಟಿ. ಆಮೇಲೆ ಮುಕ್ಕಬೇಕು, ಮುಕ್ಕಿ ಮುಕ್ಕಿ ರಕ್ತನಾಳಗಳು ಉಬ್ಬಿ ಮೂಲವ್ಯಾಧಿ. ವರ್ಷಗಟ್ಟಲೆ ಹೀಗೆ ಮಾಡಿದರೆ ಗುದನಾಳಕ್ಕೆ ಹಿಗ್ಗಿಕೊಂಡಿರುವುದೇ ರೂಢಿಯಾಗಿ, ಸುದ್ದಿ ಕಳಿಸುವುದನ್ನೇ ಕಡಿಮೆ ಮಾಡುತ್ತದೆ. “ಅದು ಕರೀತು ಟೀಚರ್, ಎಷ್ಟೋ ವರ್ಷ ಕರೀತು. ನೀವು ಏಳಲಿಲ್ಲ” ಅಂದರು ಡಾಕ್ಟರು. ಬೇಸರವಾಗುವ ಹಾಗೆ ಹೇಳಲಿಲ್ಲ. ಆದರೂ ಆ ಮಾತು ಮನಸ್ಸಿನಲ್ಲಿ ಉಳಿದಿದೆ.

ನನಗೆ ಇನ್ನೂ ಹೊಸದಾಗಿದ್ದು ನಾರಿನ ವಿಷಯ. ನಾರು ಅಂದರೆ ಪೊರಕೆಯ ಹಾಗೆ ಗುಡಿಸಿಕೊಂಡು ಹೋಗುತ್ತದೆ ಅಂತ ತಿಳಿದಿದ್ದೆ, ಮಕ್ಕಳಿಗೂ ಹಾಗೇ ಹೇಳಿದ್ದೆ. ಅದು ಅರ್ಧ ಮಾತ್ರ. ನಮ್ಮಿಂದ ಅರಗಿಸಲಾಗದ ನಾರನ್ನು ದೊಡ್ಡ ಕರುಳಿನಲ್ಲಿರುವ ಕೋಟಿ ಕೋಟಿ ಬ್ಯಾಕ್ಟೀರಿಯಾಗಳು ತಿನ್ನುತ್ತವೆ. ದೋಸೆ ಹಿಟ್ಟು ಹುಳಿ ಬಂದ ಹಾಗೆ ಒಳಗೆ ಹುದುಗು ಬರುತ್ತದೆ. ಅದರಿಂದ ಬ್ಯುಟಿರೇಟ್ ಅನ್ನುವ ಒಂದು ಆಮ್ಲ ಹುಟ್ಟುತ್ತದೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಊಟ. ನಾನು ಪರದೆ ಮೇಲೆ ನೋಡಿದ ಆ ಗುಲಾಬಿ ಗೋಡೆ ಬದುಕುವುದು ನಾವು ತಿಂದು ಅರಗಿಸಲಾಗದೆ ಬಿಟ್ಟದ್ದರಿಂದ! ನಾವು ನಾರು ಬಿಟ್ಟರೆ ಅದಕ್ಕೆ ಊಟ ಕಡಿಮೆ. ಮಲದ ಒಣ ಭಾಗದಲ್ಲೂ ದೊಡ್ಡ ಪಾಲು ಈ ಬ್ಯಾಕ್ಟೀರಿಯಾಗಳೇ. ಆ ಕಂದು ಬಣ್ಣ ಹಳೆಯದಾಗಿ ಒಡೆದ ಕೆಂಪು ರಕ್ತಕಣಗಳದ್ದು.

ಮದುವೆಯಾಗಿ ಟೌನಿಗೆ ಬಂದ ಮೇಲೆ ನಮ್ಮ ಮನೆಯಲ್ಲಿ ರಾಗಿ ಮುದ್ದೆ ವಾರಕ್ಕೊಮ್ಮೆಗೆ ಇಳಿದಿತ್ತು. ಡಬ್ಬಿಗೆ ಅನುಕೂಲ ಅಂತ ಚಿತ್ರಾನ್ನ, ಪುಳಿಯೋಗರೆ, ಬಿಳಿ ಅನ್ನದ್ದೇ ನಾನಾ ಅವತಾರ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ದಿನಕ್ಕೆ ಕನಿಷ್ಠ 25 ಗ್ರಾಂ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಲೆಕ್ಕ ಹಾಕಿದರೆ ನನ್ನ ಡಬ್ಬಿಯಲ್ಲಿ ಏನೂ ಇರಲಿಲ್ಲ. ಈಗ ರಾತ್ರಿ ಮುದ್ದೆ, ಜೊತೆಗೆ ಹುರುಳಿ ಸಾರು ಅಥವಾ ಸೊಪ್ಪಿನ ಸಾರು. ಅವರೆಕಾಯಿ ಕಾಲದಲ್ಲಿ ಅವರೆಕಾಳು. ಒಂದು ಎಚ್ಚರಿಕೆ ಹೇಳಬೇಕು. ನಾನು ಮೊದಲ ವಾರವೇ ಎಲ್ಲವನ್ನೂ ಒಟ್ಟಿಗೆ ಜಾಸ್ತಿ ಮಾಡಿದೆ. ಹೊಟ್ಟೆ ಉಬ್ಬಿ, ಗಾಳಿ ತುಂಬಿ ರಾತ್ರಿಯೆಲ್ಲಾ ನಿದ್ದೆ ಇಲ್ಲ. ಆ ಬ್ಯಾಕ್ಟೀರಿಯಾಗಳಿಗೂ ಹೊಂದಿಕೊಳ್ಳಲು ಸಮಯ ಬೇಕು. ಸ್ವಲ್ಪ ಸ್ವಲ್ಪವೇ ಏರಿಸಿದರೆ ಆಯಿತು. ಮೊದಲ ಮೂರು ತಿಂಗಳು ರಾತ್ರಿ ಒಂದು ಚಮಚ ಇಸಬಗೋಲ್ ಕೂಡ ತೆಗೆದುಕೊಂಡೆ, ಒಂದು ದೊಡ್ಡ ಲೋಟ ತುಂಬಾ ನೀರಿನ ಜೊತೆ. ಅದು ನೀರನ್ನು ಹಿಡಿದು ಉಬ್ಬುವ ಹೊಟ್ಟು. ನೀರು ಕಡಿಮೆಯಾದರೆ ಅದೇ ಒಳಗೆ ಕಟ್ಟಿಕೊಳ್ಳುತ್ತದೆ.

ಬೆಳಗಿನ ಸಮಯವನ್ನೂ ಬದಲಾಯಿಸಿದೆ. ಐದೂಕಾಲಿಗೆ ಒಂದು ಲೋಟ ಬಿಸಿನೀರು, ಆರಕ್ಕೆ ತಿಂಡಿ. ಆರೂಕಾಲಿಗೆ ಹೋಗಿ ಕೂರುತ್ತೇನೆ, ಕರೆ ಬರಲಿ ಬರದಿರಲಿ. ಹತ್ತು ನಿಮಿಷ, ಮುಕ್ಕುವುದಿಲ್ಲ. ಮನೆಯಲ್ಲಿರುವುದು ಕಮೋಡ್. ಕಾಲ ಕೆಳಗೆ ಮಗನ ಹಳೆಯ ಸ್ನಾನದ ಮಣೆ ಇಟ್ಟುಕೊಳ್ಳುತ್ತೇನೆ, ಮಂಡಿ ಸೊಂಟಕ್ಕಿಂತ ಮೇಲೆ ಬರಬೇಕು. ಕುರ್ಚಿಯಲ್ಲಿ ಕೂತ ಹಾಗೆ ಕೂತರೆ ಒಂದು ಸ್ನಾಯು ಗುದನಾಳವನ್ನು ಬಗ್ಗಿಸಿ ಹಿಡಿದಿರುತ್ತದೆ, ಪೈಪನ್ನು ಮಡಚಿದ ಹಾಗೆ. ಕುಕ್ಕರಗಾಲಲ್ಲಿ ಕೂತಾಗ ಅದು ಸಡಿಲಾಗಿ ದಾರಿ ನೇರವಾಗುತ್ತದೆ. ನಮ್ಮ ಅಜ್ಜಿ ಕಾಲದ ಕಕ್ಕಸಿನಲ್ಲಿ ಇದು ತಾನಾಗಿಯೇ ಆಗುತ್ತಿತ್ತು. ಎರಡು ತಿಂಗಳು ಹೀಗೆ ಸುಮ್ನೆ ಕೂತು ಬಂದೆ. ಫೆಬ್ರವರಿಯಲ್ಲಿ ಒಂದು ದಿನ, ತಟ್ಟೆ ತೊಳೆಯುತ್ತಿದ್ದಾಗ, ಆ ಒತ್ತಡ ಬಂತು. ಎಷ್ಟು ವರ್ಷವಾಗಿತ್ತೋ! ತಟ್ಟೆಯನ್ನು ಸಿಂಕಿನಲ್ಲೇ ಬಿಟ್ಟು ಹೋದೆ.

ದಿನಾ ಹೋಗಲೇಬೇಕು ಅಂತ ನಿಯಮವಿಲ್ಲ. ದಿನಕ್ಕೆ ಮೂರು ಸಲದಿಂದ ಹಿಡಿದು ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸರಿಯೇ, ಕಷ್ಟವಿಲ್ಲದೆ ಹೋದರೆ. ಬದಲಾದರೆ, ರಕ್ತ ಕಂಡರೆ, ಕಪ್ಪಾದರೆ, ಕಾರಣವಿಲ್ಲದೆ ತೂಕ ಇಳಿದರೆ ಮುಲಾಮು ತರುವ ಮೊದಲು ಡಾಕ್ಟರ ಹತ್ತಿರ ಹೋಗಿ. ದಯವಿಟ್ಟು ನಾಲ್ಕು ತಿಂಗಳು ಕಾಯಬೇಡಿ.

ಶಾಲೆಯಲ್ಲಿ ಸಿಬ್ಬಂದಿ ಸಭೆಯಲ್ಲಿ ನಾನೇ ಎದ್ದು ನಿಂತು ಹೇಳಿದೆ. ಪುರುಷ ಶಿಕ್ಷಕರೂ ಇದ್ದರು. ಧ್ವನಿ ನಡುಗಿತು, ಆದರೂ ಪೂರ್ತಿ ಹೇಳಿದೆ. ಚಿಲಕಕ್ಕೆ ಎಷ್ಟು ಖರ್ಚಾದೀತು? ಆ ವಾರವೇ ಹಾಕಿಸಿದರು. ಮಕ್ಕಳ ಶೌಚಾಲಯಗಳಿಗೂ ಹಾಕಿಸಿದೆವು. ಎಸ್‌ಡಿಎಂಸಿಯ (ಶಾಲಾ ಅಭಿವೃದ್ಧಿ ಸಮಿತಿಯ) ಒಬ್ಬ ತಂದೆ ಎರಡು ಡ್ರಮ್ಮು ಕೊಟ್ಟರು, ಕರೆಂಟಿದ್ದಾಗ ತುಂಬಿಸಿಡುತ್ತೇವೆ. ಈಗ ನಾವು ಮೂವರೂ ನೀರು ಕುಡಿಯುತ್ತೇವೆ.

ಈ ವರ್ಷ ಅದೇ ಪಾಠ ಬಂದಾಗ ದೊಡ್ಡ ಕರುಳಿಗೆ ಒಂದು ಪೂರ್ತಿ ಪೀರಿಯಡ್ ಇಟ್ಟುಕೊಂಡೆ. ಗುಲಾಬಿ ಸೀಮೆಸುಣ್ಣ ತಂದಿದ್ದೆ. ಅಂಬಲಿ, ಗಂಜಿ, ಮುದ್ದೆ ಅಂದಾಗ ಮೊದಲು ನಕ್ಕರು, ಆಮೇಲೆ ಕೇಳಿಸಿಕೊಂಡರು. ಎರಡು ಉಂಗುರ ಬರೆದು, ತಡೆದುಕೊಂಡರೆ ಒಳಗೆ ಏನಾಗುತ್ತದೆ ಅಂತ ಹೇಳುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಒಬ್ಬಳು ಹುಡುಗಿ ಪಕ್ಕದವಳನ್ನು ಒಂದು ಸಲ ನೋಡಿ ನಿಧಾನವಾಗಿ ಕೈ ಎತ್ತಿದಳು. ಎರಡು ಬೆರಳು.

“ಹೋಗ್ಬಾ ಪುಟ್ಟ. ಡ್ರಮ್ಮಲ್ಲಿ ನೀರಿದೆ, ಚೊಂಬು ಅಲ್ಲೇ ಮೇಲಿದೆ” ಅಂದು ಬೋರ್ಡಿನ ಕಡೆ ತಿರುಗಿದೆ.